ಬೆಟ್ಟದ ಕೆಳಗಿನ ಊರು

ಶ್ರವಣಬೆಳಗೊಳಕ್ಕೆ ಹೋದವರೆಲ್ಲರೂ ಮೊದಲು ತಲೆಯೆತ್ತಿ ನೋಡುತ್ತಾರೆ. ಊರು ಇನ್ನೂ ದೂರವಿರುವಾಗಲೇ ಇಂದ್ರಗಿರಿಯ ನೆತ್ತಿಯ ಮೇಲೆ ಗೊಮ್ಮಟನ ಮುಖ ಕಾಣಿಸಿಕೊಳ್ಳುತ್ತದೆ. ಗಂಗರ ಅರಸು ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ ಈ ಏಕಶಿಲಾ ಮೂರ್ತಿ ಸುಮಾರು 58 ಅಡಿ ಎತ್ತರವಾಗಿದೆ. ಅದರ ಮುಂದೆ ನಿಂತವನಿಗೆ ತನ್ನ ಅಲ್ಪತೆಯ ಅರಿವಾಗುವುದು ಸಹಜ. ಆದರೆ ಬೆಟ್ಟ ಹತ್ತಿದವನು ಹಿಂದಿರುಗಿ ಕೆಳಗೆ ನೋಡಿದರೆ ಮತ್ತೊಂದು ನೋಟ ಕಣ್ಣಿಗೆ ಬೀಳುತ್ತದೆ. ನಡುವೆ ಕಲ್ಯಾಣಿ, ಎದುರಿಗೆ ಚಂದ್ರಗಿರಿ, ಕೊಳದ ಸುತ್ತ ಒತ್ತಾಗಿ ನಿಂತ ಮನೆಗಳು, ಅವುಗಳಾಚೆ ತೆಂಗಿನ ತೋಟಗಳು, ರಾಗಿಯ ಹೊಲಗಳು. ಮೇಲಿನ ಮೂರ್ತಿಯನ್ನು ಕುರಿತು ಪಂಡಿತರೂ ಕವಿಗಳೂ ಬೇಕಾದಷ್ಟು ಬರೆದಿದ್ದಾರೆ. ಕೆಳಗಿನ ಊರನ್ನು ಕುರಿತು ನಾವು ಯೋಚಿಸಿದ್ದು ಕಡಿಮೆ.

ಈ ಊರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದೆ. 2001ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು ಐದು ಸಾವಿರ ಜನ. ಸಾಮಾನ್ಯವಾಗಿ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ಬಂದಾಗ ಈ ಐದು ಸಾವಿರದ ಊರಿಗೆ ಲಕ್ಷಾಂತರ ಜನ ಬಂದಿಳಿಯುತ್ತಾರೆ. ಮೂರ್ತಿಗೆ ಸಾವಿರ ವರ್ಷ ತುಂಬಿದ 1981ರಲ್ಲಿ, ಆಮೇಲೆ 1993, 2006 ಮತ್ತು 2018ರಲ್ಲಿ ನಡೆದದ್ದು ಇದೇ. ಬಯಲಿನಲ್ಲಿ ತಾತ್ಕಾಲಿಕ ನಗರಗಳು ಎದ್ದವು, ರಸ್ತೆಗಳು ಅಗಲವಾದವು, ಮೂರ್ತಿಯ ಹಿಂದೆ ಎತ್ತರದ ಅಟ್ಟಣೆ ನಿಂತಿತು. ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನ, ಚಂದನಗಳ ಅಭಿಷೇಕವನ್ನು ದೇಶವೇ ನೋಡಿ ಧನ್ಯವಾಯಿತು. ಬಳಿಕ ಅಟ್ಟಣೆ ಇಳಿಯಿತು, ಡೇರೆಗಳನ್ನು ಕಿತ್ತರು, ಬಂದವರು ಹೊರಟುಹೋದರು. ಉಳಿದವರು ಆ ಊರಿನವರು ಮಾತ್ರ.

ಉಳಿದವರ ಬದುಕು ಹೇಗೆ ಸಾಗುತ್ತದೆ? ಬೆಟ್ಟಕ್ಕೆ ಬಂಡೆಯಲ್ಲಿಯೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹತ್ತಲಾರದ ವೃದ್ಧರನ್ನೂ ರೋಗಿಗಳನ್ನೂ ಡೋಲಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತೊಯ್ಯುವವರಿದ್ದಾರೆ. ಮೆಟ್ಟಿಲಿನ ಬುಡದಲ್ಲಿ ಎಳನೀರು ಮಾರುವವರು, ಪಾದರಕ್ಷೆ ಕಾಯುವವರು, ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ನಡೆಯಲಾರದವರಿಗೆ ಕಾಲುಚೀಲ ಮಾರುವವರು ಇದ್ದಾರೆ. ಛತ್ರಗಳಲ್ಲಿ ಅಡುಗೆ ಮಾಡುವವರು, ಹಾಸಿಗೆ ಒಗೆಯುವವರು, ಜಾತ್ರೆ ಮುಗಿದ ಮೇಲೆ ಎಲ್ಲರ ಎಂಜಲನ್ನೂ ಗುಡಿಸುವವರು ಇದ್ದಾರೆ. ಶಾಲಾಮಕ್ಕಳು ಪ್ರವಾಸ ಬರುವ ಚಳಿಗಾಲದಲ್ಲಿ ಇವರಿಗೆ ಬಿಡುವಿಲ್ಲ. ಬೇಸಗೆಯ ಮಧ್ಯಾಹ್ನ ಬಂಡೆ ಕಾದು ಕೆಂಡವಾದಾಗ, ಮಳೆಗಾಲದಲ್ಲಿ ಮೆಟ್ಟಿಲು ಜಾರುವಾಗ ಗಿರಾಕಿಗಳು ವಿರಳ. ಡೋಲಿ ಹೊರುವವನ ಸಂಪಾದನೆ ಅವನ ಹೆಗಲಿನ ಬಲ ಇರುವವರೆಗೆ ಮಾತ್ರ. ಹೆಗಲು ಸೋತ ದಿನ ಅವನನ್ನು ಹೊರುವವರು ಯಾರು?

ಇದು ನಮ್ಮ ಊರೊಂದರ ಕಷ್ಟವಲ್ಲ. ಹೊರಗಿನಿಂದ ಬಂದು ಹೋಗುವವರನ್ನು ನಂಬಿದ ಸಣ್ಣ ಊರುಗಳಿಗೆಲ್ಲ ಈ ತೊಡಕು ಇದೆ. ಐರೋಪ್ಯ ಖಂಡದ ಆಲ್ಪ್ಸ್ ಪರ್ವತಗಳ ನಡುವೆ, ಸ್ವಿಟ್ಜರ್ಲೆಂಡ್ ದೇಶದಲ್ಲಿ, ಝೆರ್ಮಾಟ್ ಎಂಬ ಊರಿದೆ. ಅಲ್ಲಿನ ನಿವಾಸಿಗಳೂ ಹೆಚ್ಚು ಕಡಿಮೆ ಆರು ಸಾವಿರವೇ. ಅವರ ತಲೆಯ ಮೇಲೆಯೂ ಒಂದು ಬೆಟ್ಟ ನಿಂತಿದೆ. ಅದು ಹಿಮ ಹೊದ್ದ ಮ್ಯಾಟರ್‌ಹಾರ್ನ್. 1865ರಲ್ಲಿ ಅದನ್ನು ಮೊದಲು ಏರಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಬದುಕಿ ಬಂದ ಮೂವರಲ್ಲಿ ಇಬ್ಬರು ಝೆರ್ಮಾಟಿನ ಮಾರ್ಗದರ್ಶಕರು, ತಂದೆ ಮತ್ತು ಮಗ. ಆದರೂ ಲೋಕಕ್ಕೆ ಹೆಚ್ಚು ಪರಿಚಿತವಾದದ್ದು ಮೂರನೆಯವನಾದ ಆಂಗ್ಲ ಪ್ರವಾಸಿ ವಿಂಪರನ ಹೆಸರು. ಇಂದು ಆ ಊರಿಗೆ ಹಿಮದ ಮೇಲೆ ಜಾರುವ ಆಟಕ್ಕಾಗಿ ಜನ ಬರುತ್ತಾರೆ. ಅವರ ಹಾಸಿಗೆ ಹಾಸಲು, ಪಾತ್ರೆ ತೊಳೆಯಲು ಪೋರ್ಚುಗಲ್ ಮೊದಲಾದ ದೇಶಗಳಿಂದ ಕೂಲಿಗಳು ಬರುತ್ತಾರೆ. ಇಂಥ ಪರ್ವತಗ್ರಾಮಗಳಲ್ಲಿ ಧನಿಕರು ರಜೆಗೆಂದು ಕಟ್ಟಿಸಿದ ಮನೆಗಳು ವರ್ಷದ ಬಹುಕಾಲ ಬೀಗ ಹಾಕಿಕೊಂಡಿರುತ್ತವೆ. ದುಡಿಯುವವರಿಗೆ ಮಾತ್ರ ಇರಲು ಮನೆ ದೊರೆಯದು. ಇದನ್ನು ಕಂಡು ಸ್ವಿಟ್ಜರ್ಲೆಂಡಿನ ಮತದಾರರು 2012ರಲ್ಲಿ ಒಂದು ನಿಯಮವನ್ನು ಒಪ್ಪಿದರು. ಯಾವ ಊರಿನಲ್ಲಿಯೂ ಇಂಥ ರಜೆಯ ಮನೆಗಳು ನೂರಕ್ಕೆ ಇಪ್ಪತ್ತನ್ನು ಮೀರಕೂಡದು ಎಂಬುದೇ ಆ ನಿಯಮ. ಊರು ಮೊದಲು ಅಲ್ಲಿ ಬಾಳುವವರದು ಎಂಬ ತತ್ತ್ವ ಅದರಲ್ಲಿ ಅಡಗಿದೆ.

ಯಾತ್ರಿಕರು ಬಾರದಿದ್ದರೆ ಊರೇ ಇರುತ್ತಿರಲಿಲ್ಲ, ಆದುದರಿಂದ ಊರಿನವರು ಬಂದಷ್ಟಕ್ಕೆ ತೃಪ್ತರಾಗಬೇಕು ಎಂದು ಕೆಲವರು ವಾದಿಸಬಹುದು. ಯಾತ್ರಿಕರು ಬೇಕು, ನಿಜ. ಆದರೆ ಒಂದು ತಿಂಗಳ ಜನಸಂದಣಿಯನ್ನು ಅಳತೆಗೋಲಾಗಿಸಿ ಊರಿನ ಏಳಿಗೆಯನ್ನು ಅಳೆಯುವುದು, ಹಬ್ಬದ ದಿನದ ಊಟವನ್ನು ನೋಡಿ ಮನೆಯ ಸಿರಿಯನ್ನು ಅಳೆದಂತೆ. ಎರಡು ಉತ್ಸವಗಳ ನಡುವಣ ಹನ್ನೊಂದು ವರ್ಷ ಆ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂಬುದೇ ಸರಿಯಾದ ಪ್ರಶ್ನೆ. ಓದಿದ ಯುವಕನು ಊರಿನಲ್ಲಿ ಕೆಲಸ ಕಾಣದೆ ಬೆಂಗಳೂರಿನ ದಾರಿ ಹಿಡಿದರೆ, 2017ರಲ್ಲಿ ಬಂದ ರೈಲುಮಾರ್ಗ ಯಾತ್ರಿಕರನ್ನು ತರುವುದಕ್ಕಿಂತ ಊರಿನ ಮಕ್ಕಳನ್ನು ಒಯ್ಯುವುದಕ್ಕೇ ಹೆಚ್ಚು ನೆರವಾದೀತು.

ಈ ಪ್ರಶ್ನೆಗೆ ಉತ್ತರವನ್ನು ಪರದೇಶದಿಂದ ತರಬೇಕಾಗಿಲ್ಲ. ಅದು ಬೆಳಗೊಳದ ಕಲ್ಲಿನಲ್ಲಿಯೇ ಇದೆ. ಹದಿಮೂರನೆಯ ಶತಮಾನದ ಭಕ್ತರು ಹಣವನ್ನು ಒಂದೇ ದಿನ ಸುರಿದು ಕೈತೊಳೆದುಕೊಳ್ಳಲಿಲ್ಲ. ಅದನ್ನು ಇಡುಗಂಟಾಗಿ ಇರಿಸಿ, ಬಡ್ಡಿಯಿಂದ ಗೊಮ್ಮಟನ ನಿತ್ಯಾಭಿಷೇಕಕ್ಕೆ ಹಾಲು ಸಲ್ಲುವಂತೆ ಮಾಡಿ ಶಾಸನ ಬರೆಸಿದರು. 1368ರಲ್ಲಿ ಜೈನರಿಗೂ ವೈಷ್ಣವರಿಗೂ ಕಲಹವುಂಟಾದಾಗ ವಿಜಯನಗರದ ಬುಕ್ಕರಾಯನು ಅವರನ್ನು ಒಂದುಗೂಡಿಸಿದನು. ಆ ಒಪ್ಪಂದದ ಶಾಸನವೂ ಇಲ್ಲಿದೆ. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಕೂಡಿಸಬೇಕು. ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕದ್ದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಿರಿಯರ ದೂರದೃಷ್ಟಿಯನ್ನು ಗಮನಿಸಿ: ದೇವರ ಸೇವೆಯೆಂದರೆ ಸೇವೆ ಮಾಡುವವನಿಗೆ ವರ್ಷವಿಡೀ ಅನ್ನ ಒದಗಿಸುವುದೂ ಹೌದು ಎಂದು ಅವರು ಬಗೆದಿದ್ದರು.

ಇದೇ ಬುದ್ಧಿ ನಮಗೂ ಬೇಕು. ಮುಂದಿನ ಮಹಾಮಸ್ತಕಾಭಿಷೇಕ 2030ರ ಸುಮಾರಿಗೆ ಬರಬಹುದು. ಆಗ ಕೂಡುವ ದ್ರವ್ಯದಲ್ಲಿ ಒಂದು ಪಾಲನ್ನು ಊರಿನ ಇಡುಗಂಟಾಗಿ ಇರಿಸಬಾರದೇಕೆ? ಅದರ ಬಡ್ಡಿಯಿಂದ ಹೆಗಲು ಸೋತ ಡೋಲಿಯವನಿಗೆ ಮಾಸಾಶನ ಕೊಡಬಹುದು. ಶಾಸನಗಳನ್ನು ಓದಿ ವಿವರಿಸುವ ವಿದ್ಯೆಯನ್ನು ಊರಿನ ತರುಣ ತರುಣಿಯರಿಗೆ ಕಲಿಸಬಹುದು. ಒಂದು ಕಾಲಕ್ಕೆ ಇಲ್ಲಿ ಹೆಸರಾಗಿದ್ದ ಹಿತ್ತಾಳೆ ಪಾತ್ರೆಯ ಕಸುಬಿಗೆ ಮರಳಿ ಜೀವ ತುಂಬಬಹುದು. ಕೆಡವುವುದಕ್ಕೆಂದೇ ಕಟ್ಟುವ ನಗರಕ್ಕೆ ಹಣ ಹುಟ್ಟುವ ನಾಡಿನಲ್ಲಿ, ಉಳಿಯಬೇಕಾದ ಊರಿಗೆ ಹಣ ಹುಟ್ಟದೆಂದರೆ ನಂಬುವುದು ಕಷ್ಟ.

ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿಯ ಚಿಕ್ಕ ಮೂರ್ತಿಯಿದೆ. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಮೂರ್ತಿಯ ಪಾದದವರೆಗೆ ಇಳಿಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯ ಬಟ್ಟಲಲ್ಲಿ ತಂದ ಒಂದಿಷ್ಟು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಬೆಟ್ಟದಿಂದ ಹರಿದು ಕೆಳಗಿಳಿಯಿತಂತೆ. ಕಥೆ ಕೇಳಿ ನಾವು ಅಜ್ಜಿಗೆ ಕೈಮುಗಿದು ಇಳಿದುಬರುತ್ತೇವೆ. ಮೆಟ್ಟಿಲಿನ ಬುಡದಲ್ಲಿ ಎಳನೀರಿನ ರಾಶಿಯ ಪಕ್ಕದಲ್ಲಿ ಮತ್ತೊಬ್ಬ ಅಜ್ಜಿ ಕುಳಿತಿರುತ್ತಾಳೆ. ಅವಳೊಡನೆ ಒಂದು ರೂಪಾಯಿಗೆ ಚೌಕಾಸಿ ಮಾಡುವ ಮುನ್ನ, ಮೇಲೆ ಕೈಮುಗಿದು ಬಂದದ್ದು ಯಾರಿಗೆ ಎಂಬುದನ್ನು ನೆನೆಯುವುದು ಒಳ್ಳೆಯದು.