ಬುಕಿಂಗ್ ಸ್ಕೂಲ್ ಬಸ್‌ಗೆ ಕಡ್ಡಾಯ ಮಾಡಿ, ಕೂಸು ಹೊತ್ತವರಿಗಲ್ಲ

ಹಂಪಿಯಲ್ಲಿ ಜನ ಹೆಚ್ಚಾದಾಗಲೆಲ್ಲ ಒಂದೇ ಮದ್ದು ಕೇಳಿಬರುತ್ತದೆ: ‘ಎಲ್ಲ ಆನ್‌ಲೈನ್ ಬುಕಿಂಗ್ ಮಾಡಿಬಿಡ್ರಿ, ಸರಿ ಹೋಗ್ತದೆ.’ ಹಂಪಿ ಬಜಾರ್‌ನ ಚಹಾ ಅಂಗಡಿಯಲ್ಲೂ ಇದೇ ಮಾತು, ಹೊಸಪೇಟೆಯ ಹೋಟೆಲುಗಳಲ್ಲೂ ಇದೇ ಮಾತು. ನಾವು ಬುಕಿಂಗ್ ಬೇಡ ಅನ್ನುವವರಲ್ಲ. ಆದರೆ ಯಾರಿಗೆ ಬುಕಿಂಗ್, ಯಾರಿಗೆ ಕೌಂಟರ್ ಅಂತ ಕೇಳದೆ ‘ಎಲ್ಲ’ ಅನ್ನುತ್ತಾರಲ್ಲ, ಅಲ್ಲಿ ನಮ್ಮ ತಕರಾರು.

ಗೆಜ್ಜಲ ಮಂಟಪದ ಬ್ಯಾಟರಿ ಗಾಡಿಯನ್ನೇ ನೋಡಿ. ವಿಜಯ ವಿಠ್ಠಲ ದೇವಸ್ಥಾನದ ಹತ್ತಿರ ಪೆಟ್ರೋಲ್, ಡೀಸೆಲ್ ಗಾಡಿ ಬಿಡುವುದಿಲ್ಲ. ಹೊಗೆಯಾಗಲಿ ಅದುರಾಗಲಿ ಹಳೆ ಕಲ್ಲಿಗೆ ಒಳ್ಳೆಯದಲ್ಲ, ನಿಯಮ ಸರಿಯೇ ಇದೆ. 50 ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಕಲ್ಲಿನ ರಥವನ್ನು ಕಣ್ಣಾರೆ ನೋಡಬೇಕಾದರೆ ಮಂಟಪದ ಹತ್ತಿರ ಇಳಿದು ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲವೇ ಸುಮಾರು ಒಂದು ಕಿಲೋಮೀಟರ್ ನಡೆಯಬೇಕು. ಗಾಡಿ ಓಡಿಸುವವರಲ್ಲಿ ನಮ್ಮ ಸುತ್ತಲಿನ ಊರಿನ ಹೆಣ್ಣುಮಕ್ಕಳೂ ಇದ್ದಾರೆ, ಅದು ನಮಗೆ ಹೆಮ್ಮೆ. ಸಣ್ಣ ಮಕ್ಕಳಿಗಂತೂ ರಥಕ್ಕಿಂತ ಆ ಗಾಡಿಯೇ ದೊಡ್ಡ ಖುಷಿ. ಜಾತ್ರೆಯ ತೊಟ್ಟಿಲು ಇದ್ದ ಹಾಗೆ.

ಈಗ ಆ ಗಾಡಿಯ ಸೀಟನ್ನೆಲ್ಲ ಮೊಬೈಲ್ ಬುಕಿಂಗ್‌ಗೆ ಕೊಟ್ಟರು ಅಂತ ಇಟ್ಟುಕೊಳ್ಳಿ. ಯಾರಿಗೆ ಅನುಕೂಲ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಕಂಕುಳಲ್ಲಿ ಒಂದು, ಕೈಯಲ್ಲಿ ಇನ್ನೊಂದು ಮಗು ಹಿಡಿದು ಬರುವ ತಾಯಂದಿರಿಗೆ ಹಂಪಿ ಈಗ ದೂರವಲ್ಲ. ಸಂಡೂರು ಕಡೆಯವರು ಹೊಸಪೇಟೆಯಲ್ಲಿ ಬಸ್ ಬದಲಿಸಬೇಕು. ಹಂಪಿ ಬಸ್ ಇಳಿಸುವುದು ವಿರೂಪಾಕ್ಷನ ಗುಡಿ ಕಡೆ. ಅಲ್ಲಿಂದ ವಿಠ್ಠಲ ಗುಡಿಗೆ ಹೊಳೆ ದಂಡೆಯ ಕಲ್ಲುದಾರಿಯಲ್ಲಿ ಎರಡು ಕಿಲೋಮೀಟರ್ ನಡೆಯಬೇಕು. ಇಲ್ಲಾ ಆಟೋ ಹಿಡಿದು ಕಮಲಾಪುರದ ಕಡೆಯಿಂದ ಸುತ್ತಿ ಗೆಜ್ಜಲ ಮಂಟಪಕ್ಕೆ ಬರಬೇಕು. ನಡುವೆ ಕೂಸು ಬಸ್ಸಿನಲ್ಲಿ ವಾಂತಿ ಮಾಡುತ್ತದೆ, ಹಾಲು ಕೇಳುತ್ತದೆ, ಬಟ್ಟೆ ಒದ್ದೆ ಮಾಡಿಕೊಳ್ಳುತ್ತದೆ, ಆಟೋ ಹತ್ತುವ ಹೊತ್ತಿಗೆ ನಿದ್ದೆ ಹೋಗುತ್ತದೆ. ಈ ತಾಯಿಗೆ ‘11ರಿಂದ 11.30ರ ಸ್ಲಾಟ್’ ಕೊಟ್ಟರೆ ಆಕೆ ಮುಟ್ಟುವುದು 12.15ಕ್ಕೆ. ಸ್ಲಾಟ್ ಹೋಯಿತು, ದುಡ್ಡೂ ಹೋಯಿತು.

ನೀವು ಇದನ್ನು ಫೋನಿನಲ್ಲೇ ಓದುತ್ತಿದ್ದೀರಿ. ನಿಮಗೆ ಬುಕಿಂಗ್ ಬರುವುದಿಲ್ಲ ಅಂತ ನಾವು ಹೇಳುತ್ತಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿಯ ಹತ್ತಿರವೂ ಸ್ಕ್ಯಾನರ್ ಇದೆ. ಫೋನ್ ಇದ್ದವರಿಗೂ ಸಣ್ಣ ಮಗುವಿನ ಹೊತ್ತು ಕೈಯಲ್ಲಿರುವುದಿಲ್ಲ, ಬಸ್ಸಿನ ಹೊತ್ತಂತೂ ಮೊದಲೇ ಇಲ್ಲ.

ಇನ್ನು ಹೊತ್ತು ಕೈಯಲ್ಲಿರುವವರು ಯಾರು? ಡಿಸೆಂಬರ್, ಜನವರಿ ಬಂದರೆ ಶಾಲಾ ಪ್ರವಾಸದ ಬಸ್‌ಗಳು ಸಾಲುಗಟ್ಟುತ್ತವೆ. ಶಾಲೆಗಳು ಇಲಾಖೆಯ ಅನುಮತಿ ಪಡೆದೇ ಪ್ರವಾಸ ಹೊರಡಬೇಕು. ದಿನ, ಬಸ್, ಮಕ್ಕಳ ಸಂಖ್ಯೆ, ಜೊತೆಗಿರುವ ಮೇಷ್ಟ್ರ ಹೆಸರು ಎಲ್ಲ ಕಾಗದದಲ್ಲಿರುತ್ತದೆ. ಟೂರ್ ಕಂಪನಿಗಳಿಗೂ ಹಾಗೆಯೇ, ಯಾವ ದಿನ ಎಲ್ಲಿ ಊಟ ಅನ್ನುವುದೂ ಮೊದಲೇ ಬರೆದಿರುತ್ತದೆ. ಇವರು ಮುಂಚೆ ತಿಳಿಸದೆ ಬಂದು ಪಾಳಿಗೆ ಸೇರಿದರೆ ಒಂದೇ ಬಸ್ಸಿನ ಮಕ್ಕಳಿಗೆ ನಾಲ್ಕೈದು ಗಾಡಿ ಬೇಕು. ಹಿಂದೆ ನಿಂತ ಕೂಸಿನ ತಾಯಿ ಅಷ್ಟು ಹೊತ್ತೂ ಬಿಸಿಲಲ್ಲಿ.

ಬುಕಿಂಗ್ ಕಡ್ಡಾಯ ಮಾಡಬೇಕಾದದ್ದು ಇವರಿಗೆ. ಶಾಲೆ ಮಕ್ಕಳ ಮೇಲೆ ನಮಗೇನೂ ಸಿಟ್ಟಿಲ್ಲ, ನಾವೂ ಹಾಗೇ ಬಸ್ಸಿನಲ್ಲಿ ಕಿರುಚುತ್ತಾ ಬಂದವರೇ. ಮುಂಚೆ ತಿಳಿಸಿದರೆ ಅವರಿಗೂ ಗಾಡಿ ತಯಾರಿರುತ್ತದೆ. ಹೈಸ್ಕೂಲ್ ಹುಡುಗರಂತೂ ಒಂದು ಕಿಲೋಮೀಟರ್ ನಡೆದರೆ ಸವೆಯುವುದಿಲ್ಲ.

‘ಬೇರೆ ಕಡೆ ಎಲ್ಲ ಆನ್‌ಲೈನ್ ಆಗಿಲ್ಲವೇ’ ಅನ್ನುವವರಿಗೆ ಒಂದು ಮಾತು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು. ಸರಿಯೇ. ಬೆಟ್ಟ ಹತ್ತುವವರು ವಾರದ ಮೊದಲೇ ಲೆಕ್ಕ ಹಾಕಿಯೇ ಹೊರಡುತ್ತಾರೆ, ಕಾಡಿಗೂ ಒಂದು ಮಿತಿ ಬೇಕು. ಅದೇ ಅಳತೆಯ ಅಂಗಿಯನ್ನು ಎರಡು ವರ್ಷದ ಮಗುವಿಗೆ ತೊಡಿಸಬೇಡಿ.

ದುಡ್ಡಿನ ಕಡೆಯೂ ನೋಡಬೇಕು. ಬಿಡದಿಯ ವಂಡರ್‌ಲಾದಲ್ಲಿ ಮಾಮೂಲಿ ಟಿಕೆಟ್‌ಗಿಂತ ಹೆಚ್ಚು ಕೊಟ್ಟರೆ ‘ಫಾಸ್ಟ್‌ಟ್ರ್ಯಾಕ್’, ಪಾಳಿ ಕಮ್ಮಿ. ಅದು ಖಾಸಗಿ ಪಾರ್ಕು, ಅವರ ವ್ಯಾಪಾರ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 1999ರಲ್ಲಿ ಆಟಗಳಿಗೆ ಮುಂಗಡ ಹೊತ್ತು ಕಾಯ್ದಿರಿಸುವ ಪಾಸ್ ಬಂದಾಗ ಅದು ಪುಕ್ಕಟೆ ಇತ್ತು. ಜನಕ್ಕೆ ರೂಢಿಯಾಯಿತು. 2021ರಲ್ಲಿ ಅದನ್ನು ತೆಗೆದು ದುಡ್ಡಿನ ಪಾಸ್ ತಂದರು. ಇಲ್ಲಿಯೂ ಸಣ್ಣ ಸುಳಿವು ಇದೆ: ವಿಠ್ಠಲ ಗುಡಿಯ ಪುರಾತತ್ವ ಇಲಾಖೆ ಟಿಕೆಟ್ ಕೌಂಟರ್‌ನಲ್ಲಿ 40 ರೂಪಾಯಿ, ಆನ್‌ಲೈನ್‌ನಲ್ಲಿ 35. ಐದು ರೂಪಾಯಿ ದೊಡ್ಡದಲ್ಲ. ಆದರೆ ನೋಟು ಹಿಡಿದು ನಿಂತವನೇ ಯಾಕೆ ಹೆಚ್ಚು ಕೊಡಬೇಕು? 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ ಅನ್ನುವುದು ಮಾತ್ರ ಸಮಾಧಾನ.

ಅದೇ ಡಿಸ್ನಿಯಿಂದ ಕಲಿಯಬೇಕಾದದ್ದೂ ಒಂದಿದೆ. ಸಣ್ಣ ಮಗು ದೊಡ್ಡ ಆಟ ಹತ್ತುವಂತಿಲ್ಲ. ಅಪ್ಪ ಆಡಿ ಬರುವ ತನಕ ಅವ್ವ ಮಗುವನ್ನು ಹಿಡಿದು ಕೂರುತ್ತಾಳೆ. ಅಪ್ಪ ಬಂದ ಮೇಲೆ ಆಕೆ ಮತ್ತೆ ಪೂರ್ತಿ ಪಾಳಿ ನಿಲ್ಲಬೇಕಿಲ್ಲ, ನೇರ ಒಳಗೆ ಬಿಡುತ್ತಾರೆ. ಮಗು ಇರುವ ಮನೆಯವರನ್ನು ಒಂದೇ ಪಾಳಿ ಅಂತ ಲೆಕ್ಕ ಹಾಕುವ ಈ ಬುದ್ಧಿ ನಮಗೂ ಬೇಕು. ಗೆಜ್ಜಲ ಮಂಟಪದಲ್ಲಿ ಒಬ್ಬರು ಪಾಳಿಯಲ್ಲಿ ನಿಂತು ಮನೆಮಂದಿಗೆಲ್ಲ ನಂಬರ್ ಬರೆದ ಟೋಕನ್ ತಗೊಳ್ಳಲಿ, ಉಳಿದವರು ನೆರಳಲ್ಲಿ ಕೂತಿರಲಿ, ನಂಬರ್ ಕೂಗಿದಾಗ ಎಲ್ಲರೂ ಒಟ್ಟಿಗೆ ಹತ್ತಲಿ. ಇದಕ್ಕೆ ಆ್ಯಪ್ ಬೇಡ. ಒಂದು ರಟ್ಟಿನ ಟೋಕನ್, ಒಂದು ಮೈಕ್, ಕುಡಿಯುವ ನೀರು, ನಾಲ್ಕು ಬೆಂಚು ಸಾಕು.

‘ಎಲ್ಲರೂ ಪಕ್ಕದ ಮನೆ ಕೂಸನ್ನು ಎತ್ತಿಕೊಂಡು ಬಂದರೆ?’ ಅಂತ ನಮ್ಮ ಗೆಳೆಯರೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಐದು ವರ್ಷದೊಳಗಿನ ಮಗು, ಜೊತೆಗೆ ಮನೆಯ ಇಬ್ಬರು ದೊಡ್ಡವರು, ಅಷ್ಟಕ್ಕೆ ಮಾತ್ರ ಮುಂಪಾಳಿ ಅಂತ ಬೋರ್ಡ್ ಹಾಕಿ. ಎಂಟು ಜನ ಸೋದರಮಾವಂದಿರು ಹಿಂದೆ ನಿಲ್ಲಲಿ. ಪ್ರತಿ ಗಾಡಿಯಲ್ಲಿ ಒಂದು ಸಾಲು ಸೀಟು ಇಂಥವರಿಗೆ, ವಯಸ್ಸಾದವರಿಗೆ, ಅಂಗವಿಕಲರಿಗೆ ಇರಲಿ. ಉಳಿದದ್ದು ಬಂದವರಿಗೆ ಬಂದ ಹಾಗೆ. ಒಬ್ಬಂಟಿ ಬಂದ ಹುಡುಗನೂ ಟಿಕೆಟ್ ತಗೊಂಡವನೇ, ಅವನನ್ನು ಸಂಜೆ ತನಕ ಕಾಯಿಸುವುದೂ ನ್ಯಾಯವಲ್ಲ.

ವಾಪಸ್ ಬರುವ ಪಾಳಿಯ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಹೋಗುವಾಗ ಮಗು ಹುರುಪಿನಲ್ಲಿರುತ್ತದೆ, ಹೇಗೋ ನಿಲ್ಲುತ್ತದೆ. ಬರುವಾಗ ಹೆಗಲ ಮೇಲೆ ನಿದ್ದೆ, ಬಾಟಲಿಯಲ್ಲಿ ನೀರು ಖಾಲಿ, ಸಂಜೆ ಬಸ್ಸಿನ ಚಿಂತೆ ಬೇರೆ. ಹೋಗುವಾಗ ಕೊಟ್ಟ ಟೋಕನ್ನೇ ವಾಪಸ್ಸಿಗೂ ನಡೆಯಬೇಕು, ಗುಡಿ ಮುಂದಿನ ತುದಿಯಲ್ಲೂ ಅದೇ ನೆರಳು, ಅದೇ ಬೆಂಚು ಇರಬೇಕು. ಸಂಬಂಧಪಟ್ಟವರು ಡಿಸೆಂಬರ್ ರಜೆಗೆ ಮೊದಲು ಇಷ್ಟನ್ನು ಮಾಡಲಿ, ಆ್ಯಪ್ ಆಮೇಲೆ ನೋಡೋಣ.