ಕುರುಡು ಕ್ಯಾಮೆರಾಕ್ಕೂ ನೂರಕ್ಕೆ 98!

ರಾಮನಗರದ ನೂಲು ಬಿಚ್ಚುವ ಶೆಡ್ಡುಗಳ ಬಾಗಿಲಲ್ಲಿ, ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಂದೆ, ಮಾಗಡಿ ಕನಕಪುರಗಳ ಕಿರಾಣಿ ಅಂಗಡಿಗಳ ಸೂರಿನ ಕೆಳಗೆ ಇಂದು ಕ್ಯಾಮೆರಾಗಳು ಕಣ್ಣು ಬಿಟ್ಟುಕೊಂಡು ಕುಳಿತಿವೆ. "ಮನುಷ್ಯ ಬಂದರೆ ಗುರುತಿಸಿ ಮೊಬೈಲಿಗೆ ಗಂಟೆ ಹೊಡೆಯುತ್ತದೆ" ಎಂಬ ಮಾತನ್ನು ನಂಬಿ ಸಣ್ಣ ವ್ಯಾಪಾರಿ ತನ್ನ ಉಳಿತಾಯವನ್ನು ಸುರಿದಿದ್ದಾನೆ. ಕಾರ್ಮಿಕ ಕುಟುಂಬವೂ ಕಂತಿನಲ್ಲಿ ಒಂದನ್ನು ತಂದು ಹಾಕಿಕೊಂಡಿದೆ.

ಆಮೇಲೆ ಆಗುವುದೇನು? ಬೀದಿನಾಯಿ ಹಾದರೂ ಗಂಟೆ, ತೆಂಗಿನ ಗರಿ ಅಲ್ಲಾಡಿದರೂ ಗಂಟೆ, ಗಾಜಿನ ಮುಂದೆ ಜೇಡ ಬಲೆ ಕಟ್ಟಿದರೂ ಗಂಟೆ. ಮೂರು ರಾತ್ರಿ ನಿದ್ದೆಗೆಟ್ಟವನು ನಾಲ್ಕನೆಯ ರಾತ್ರಿ ಗಂಟೆಯ ಬಾಯಿ ಮುಚ್ಚಿ ಮಲಗುತ್ತಾನೆ. ಐದನೆಯ ರಾತ್ರಿ ಬೀಗ ಮುರಿದರೆ ಕಳ್ಳನ ಚಿತ್ರ ದೊರೆತೀತು, ಮಾಲು ದೊರೆಯದು.

ದೋಷ ಎಲ್ಲಿದೆಯೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಅಂಗಡಿಯೊಂದರ ಮುಂದೆ ರಾತ್ರಿ 200 ಸಲ ಏನಾದರೊಂದು ಅಲುಗಿತೆನ್ನಿ. ಅದರಲ್ಲಿ ಮನುಷ್ಯರು 4 ಸಲ. ಉಳಿದ 196 ಸಲವೂ ನಾಯಿ, ಬೆಕ್ಕು, ಗಾಳಿ, ಗಾಡಿಯ ದೀಪ. ನೂರಕ್ಕೆ 95 ಸರಿ ಹೇಳುವ ಕ್ಯಾಮೆರಾ ಈ 196ರಲ್ಲಿ ಸುಮಾರು 10ನ್ನು ಮನುಷ್ಯನೆಂದು ತಪ್ಪು ತಿಳಿಯುತ್ತದೆ. ನಾಲ್ವರನ್ನೂ ಹಿಡಿಯಿತೆಂದರೂ 14 ಗಂಟೆಗಳಲ್ಲಿ 10 ಸುಳ್ಳು. ಇನ್ನು, ಒಮ್ಮೆಯೂ ಬಾಯಿಬಿಡದ ಕುರುಡು ಕ್ಯಾಮೆರಾ? ಅದು 196 ಸಲ ಸರಿ, 4 ಸಲ ತಪ್ಪು. ಅದಕ್ಕೆ ನೂರಕ್ಕೆ 98 ಅಂಕ!

ಆದುದರಿಂದ ಒಂದೇ ಅಂಕಿ ತೋರಿಸಿ ಮಾರುವವನು ನಮಗೆ ಏನನ್ನೂ ಹೇಳಿದಂತಾಗಲಿಲ್ಲ. ಕೊಳ್ಳುವವನು ಕೇಳಬೇಕಾದುದು ಎರಡು. ಬಂದ ನೂರು ಜನರಲ್ಲಿ ಎಷ್ಟು ಜನರನ್ನು ಕಾಣದೆ ಬಿಟ್ಟಿತು? ಹೊಡೆದ ನೂರು ಗಂಟೆಗಳಲ್ಲಿ ಸುಳ್ಳೆಷ್ಟು?

ಯಂತ್ರ ಮನುಷ್ಯನನ್ನು ಅರಿಯುವ ಬಗೆಯನ್ನೂ ನಾವು ತಿಳಿದಿರಬೇಕು. ಅಗ್ಗದ ಕ್ಯಾಮೆರಾ ಚಿತ್ರ ಬದಲಾಯಿತೇ ಎಂದಷ್ಟೇ ನೋಡುತ್ತದೆ. ಕೆಲವು ಮೈಯ ಶಾಖವನ್ನು ಹಿಡಿಯುತ್ತವೆ. ಬಿರುಬೇಸಗೆಯಲ್ಲಿ ಹೊರಗಿನ ಶಾಖ ಮೈಶಾಖಕ್ಕೆ ಸಮೀಪಿಸಿದರೆ ಅವು ತಬ್ಬಿಬ್ಬಾಗುತ್ತವೆ. ಈಚಿನವು ರಾಶಿ ರಾಶಿ ಚಿತ್ರಗಳಿಂದ ಮನುಷ್ಯನ ಆಕಾರವನ್ನು ಕಲಿತವು. 2005ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ದಲಾಲ್ ಮತ್ತು ಟ್ರಿಗ್ಸ್ ಎಂಬವರು ನೆಟ್ಟಗೆ ನಿಂತ ಜನರ ಚಿತ್ರಗಳಿಂದ ಯಂತ್ರಕ್ಕೆ ಈ ಪಾಠ ಹೇಳಿದರು. 2014ರಲ್ಲಿ ಹೊರಬಂದ ಕೋಕೋ ಎಂಬ ಚಿತ್ರಸಂಗ್ರಹ ಅನೇಕ ಯಂತ್ರಗಳಿಗೆ ಪಾಠಪುಸ್ತಕವಾಯಿತು. ಅದರ ಚಿತ್ರಗಳನ್ನು ಆಯ್ದದ್ದು ಜನ ತಮ್ಮ ಫೋಟೋಗಳನ್ನು ಹಾಕುವ ಫ್ಲಿಕರ್ ತಾಣದಿಂದ. ಕಂಬಳಿ ಹೊದ್ದ ಮುದುಕ, ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಹೆಂಗಸು, ಇಂಥವರನ್ನು ಪಾಠದಲ್ಲಿ ಕಾಣದ ಯಂತ್ರ ನಮ್ಮ ಬೀದಿಯಲ್ಲಿ ಎಡವುವುದು ಸಹಜವೇ. ಮುಖ ನೋಡಿ ಗಂಡು ಹೆಣ್ಣು ಹೇಳುವ ಯಂತ್ರಗಳನ್ನು 2018ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ, ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ತಪ್ಪು ನೂರಕ್ಕೆ 34ರವರೆಗೂ ಏರಿತ್ತು. ಬಿಳಿಯ ಗಂಡಸರ ವಿಷಯದಲ್ಲಿ 1ನ್ನೂ ಮುಟ್ಟಲಿಲ್ಲ. ಕೆಲಸ ಬೇರೆಯಾದರೂ ಪಾಠ ಒಂದೇ.

ಸದ್ಯ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಕ್ಯಾಮೆರಾವನ್ನು ಎಂಟೊಂಬತ್ತು ಅಡಿ ಎತ್ತರದಲ್ಲಿ, ರಸ್ತೆ ಕಾಣದಂತೆ ಕೆಳಕ್ಕೆ ಬಾಗಿಸಿ ಕೂರಿಸಿ. ನೋಡಬೇಕಾದ ಜಾಗಕ್ಕೆ ಮಾತ್ರ ಮೊಬೈಲಿನಲ್ಲಿ ಗೆರೆ ಎಳೆಯಿರಿ. ಬಾಗಿಲಿಗೊಂದು ದೀಪ ಹಾಕಿ; ವಾರಕ್ಕೊಮ್ಮೆ ಗಾಜು ಒರೆಸಿ. ಬಳಿಕ ರಾತ್ರಿ ಮನೆಯವರೇ ಹತ್ತು ಸಲ ನಡೆದು ನೋಡಿ: ನೆಟ್ಟಗೆ, ಬಗ್ಗಿ, ಕಂಬಳಿ ಹೊದ್ದು, ಹೊರೆ ಹೊತ್ತು. ಎಷ್ಟು ಸಲ ಗಂಟೆಯಾಯಿತೆಂದು ಬರೆದಿಟ್ಟು, ಅದರಂತೆ ಸೂಕ್ಷ್ಮತೆಯನ್ನು ಏರಿಸಿ ಇಳಿಸಿ. ಕಾಡಂಚಿನ ಮನೆಯವರು 'ಮನುಷ್ಯ ಮಾತ್ರ' ಎಂಬುದನ್ನು ಒತ್ತುವ ಮೊದಲು ಯೋಚಿಸಲಿ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ಮಗುವೊಂದನ್ನು ಹೊತ್ತೊಯ್ದು ಕೊಂದುದನ್ನು ಯಾರೂ ಮರೆತಿಲ್ಲ.

ಇನ್ನೊಂದು ಮಾತನ್ನು ಮಾಲೀಕರೂ ವ್ಯಾಪಾರಿಗಳೂ ಮನಸ್ಸಿನಲ್ಲಿಡಬೇಕು. ಯಂತ್ರ ಹೇಳುವುದು "ಯಾರೋ ಬಂದರು" ಎಂದು. "ಕಳ್ಳ ಬಂದ" ಎಂದಲ್ಲ. ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆಯುವವನು, ಕತ್ತಲಿರುವಾಗಲೇ ಶೆಡ್ಡಿಗೆ ಹೊರಟವಳು, ಇವರೂ ಅದಕ್ಕೆ "ಯಾರೋ". ಅಂಥವರ ಚಿತ್ರವನ್ನು ಕಳ್ಳನೆಂದು ವಾಟ್ಸಾಪಿನಲ್ಲಿ ಹರಡಿದರೆ, ದುಡಿಯುವವನ ಮಾನವನ್ನು ಹಿಂದಿರುಗಿಸುವವರು ಯಾರು?

ಅಂಗಡಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು, ಮುದ್ರೆಯಿಲ್ಲದಿದ್ದರೆ ದಂಡ. ಇದು ನ್ಯಾಯವೇ. ಆದರೆ ಅದೇ ಅಂಗಡಿಯವನಿಗೆ ಕಂಪನಿ ಮಾರುವ ಕ್ಯಾಮೆರಾದ ಮಾತಿಗೆ ಮುದ್ರೆ ಎಲ್ಲಿದೆ? ಕೇಂದ್ರ ಸರ್ಕಾರದ ನಿಯಮದಂತೆ 2025ರ ಏಪ್ರಿಲ್ 9ರಿಂದ ಕ್ಯಾಮೆರಾಗಳು ಭದ್ರತಾ ಪರೀಕ್ಷೆಯನ್ನು ದಾಟಿರಬೇಕು. ಹೊರಗಿನವರು ಅದರೊಳಕ್ಕೆ ನುಸುಳದಂತೆ ತಡೆಯುವುದು ಅದರ ಉದ್ದೇಶ; ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮನುಷ್ಯನನ್ನು ಮನುಷ್ಯನೆಂದು ಗುರುತಿಸುತ್ತದೆಯೇ ಎಂಬುದು ಆ ಪರೀಕ್ಷೆಯ ವಿಷಯವಲ್ಲ.

ನಾವು ಕೇಳುವುದಿಷ್ಟೆ: ಬಿಟ್ಟದ್ದೆಷ್ಟು, ಸುಳ್ಳೆಷ್ಟು ಎಂಬ ಎರಡು ಅಂಕಿಗಳನ್ನು, ಹಗಲಿಗೆ ಬೇರೆ ರಾತ್ರಿಗೆ ಬೇರೆಯಾಗಿ, ಕನ್ನಡದಲ್ಲಿ ಡಬ್ಬದ ಮೇಲೆ ಮುದ್ರಿಸಬೇಕು. ಪರೀಕ್ಷೆ ನಮ್ಮ ದೇಶದ ಬೀದಿಗಳಲ್ಲಿ, ನಮ್ಮ ಜನರ ಮೇಲೆ ನಡೆಯಬೇಕು. ಸುಳ್ಳು ಗಂಟೆಯಿಂದ ವ್ಯಾಪಾರಿಯ ಹಣ ಹೋಗುತ್ತದೆ, ಕಾರ್ಮಿಕನ ಮಾನ ಹೋಗುತ್ತದೆ. ನಾಲ್ಕೂ ಊರುಗಳ ವರ್ತಕರ ಸಂಘಗಳು ಮತ್ತು ಕಾರ್ಮಿಕ ಸಂಘಗಳು ಈ ಒಂದು ಮನವಿಗೆ ಒಟ್ಟಾಗಿ ರುಜು ಹಾಕಲಿ.