ಕೂಸು ಕಕ್ಕಿದ್ದೆಲ್ಲ ಕಾಯಿಲೆಯಾ?

ಮೊನ್ನೆ ರಜೆಗೆ ಕಮಲಾಪುರಕ್ಕೆ ಹೋಗಿದ್ದೆ. ಬಾಣಂತನಕ್ಕೆ ಬಂದಿರೋ ಅಕ್ಕನ ಮಗನಿಗೆ ಎರಡೂವರೆ ತಿಂಗಳು. ಹಾಲು ಕುಡಿಯೋದು, ಹೆಗಲಿಗೆ ಹಾಕ್ಕೊಂಡ್ರೆ ಕಕ್ಕೋದು... ಒಂದೇ ದಿನಕ್ಕೆ ನನ್ನ ಮೂರು ಅಂಗಿ ಹಾಳು! ನೋಡೋಕೆ ಬಂದವರೆಲ್ಲ "ನಿನ್ನ ಹಾಲು ಕೂಸಿಗಿ ಹತ್ತಂಗಿಲ್ಲ, ಡಬ್ಬಿ ಹಾಲು ಹಾಕವಾ" ಅಂದು ಅಂದು ಅಕ್ಕನ್ನ ಅಳಿಸಿಬಿಟ್ಟಿದ್ರು.

ಕಲಬುರಗಿಯ ಒಂದು ಕ್ಲಿನಿಕ್‌ಗೆ ಕರ್ಕೊಂಡು ಹೋದ್ವಿ. ಎರಡೇ ನಿಮಿಷದಲ್ಲಿ 'ಆಸಿಡ್ ರಿಫ್ಲಕ್ಸ್' ಅಂತ ಡ್ರಾಪ್ಸ್ ಬರೆದುಕೊಟ್ರು. "ಕೊಟ್ಟು ನೋಡಿ, ಕಮ್ಮಿಯಾದ್ರೆ ಅದೇ ಕಾಯಿಲೆ ಅಂತ." ಕೂಸನ್ನ ತೂಕ ಕೂಡ ಮಾಡಲಿಲ್ಲ.

ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಆದ್ರೂ ಈ ತರ್ಕದಲ್ಲೇ ಬಗ್ ಇದೆ ಅನ್ನಿಸ್ತು. ತಾನಾಗೇ ಕಮ್ಮಿಯಾಗೋದಕ್ಕೆ ಔಷಧಿ ಕೊಟ್ಟು, ಔಷಧಿಯಿಂದಲೇ ಕಮ್ಮಿಯಾಯ್ತು ಅಂದ್ರೆ? ಎಳೆ ಕೂಸಿನ ಅನ್ನನಾಳದ ಕೆಳಗಿನ ಬಾಗಿಲು ಇನ್ನೂ ಬಲಿತಿರಲ್ಲ, ಕುಡಿಯೋದು ಬರೀ ಹಾಲು, ದಿನವಿಡೀ ಮಲಗಿರುತ್ತೆ. ಕಕ್ಕದೇ ಏನು ಮಾಡೀತು? ನಾಲ್ಕನೇ ತಿಂಗಳ ಸುಮಾರಿಗೆ ಇದು ಜಾಸ್ತಿಯಾಗಿ, ಒಂದು-ಒಂದೂವರೆ ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ನಿಂತೇ ಹೋಗುತ್ತೆ.

2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ರಿಫ್ಲಕ್ಸ್ ಅಂತ ಹಣೆಪಟ್ಟಿ ಹಚ್ಚಿಸಿಕೊಂಡಿದ್ದ 162 ಕೂಸುಗಳಲ್ಲಿ ಅರ್ಧಕ್ಕೆ ಆಸಿಡ್ ತಗ್ಗಿಸೋ ಲ್ಯಾನ್ಸೊಪ್ರಜೋಲ್, ಇನ್ನರ್ಧಕ್ಕೆ ಹುಸಿ ಔಷಧಿ ಕೊಟ್ಟಿದ್ರು. ಎರಡೂ ಗುಂಪಿನಲ್ಲಿ ಸುಧಾರಿಸಿದ್ದು ಶೇಕಡ 54! ಗಂಭೀರ ತೊಂದರೆಗಳು ಮಾತ್ರ ನಿಜವಾದ ಔಷಧಿ ಕುಡಿದವರಲ್ಲೇ ಜಾಸ್ತಿ. ಈ ಥರದ ಔಷಧಿ ಕೊಟ್ಟು ನೋಡಿ ಕೂಸಿನ ಕಾಯಿಲೆ ಪತ್ತೆ ಮಾಡೋದು ಬೇಡ ಅಂತ ಅಮೆರಿಕ, ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2018ರ ಮಾರ್ಗಸೂಚಿಯಲ್ಲೇ ಹೇಳಿವೆ.

ಹಾಗಾದ್ರೆ ಪತ್ತೆ ಹೇಗೆ? ಮೊದಲು ತಕ್ಕಡಿ! ಅಂಗನವಾಡಿಯಲ್ಲಿ ತೂಗಿಸಿದ್ವಿ. ಹುಟ್ಟಿದಾಗ 2.8 ಕೆಜಿ ಇದ್ದವನು ಈಗ 4.9. ತಾಯಿ ಕಾರ್ಡ್‌ನಲ್ಲಿ ಗೆರೆ ಚೆನ್ನಾಗಿ ಏರಿದೆ. ಅದನ್ನು ನೋಡಿ, ಕೂಸನ್ನೂ ಪರೀಕ್ಷಿಸಿದ ಇನ್ನೊಬ್ಬ ಮಕ್ಕಳ ಡಾಕ್ಟರ್ "ಡ್ರಾಪ್ಸ್ ಬೇಡ, ಎದೆಹಾಲೇ ಕೊಡಮ್ಮ, ಕುಡಿದ ಮೇಲೆ ತೇಗಿಸು, ಅಂಗಾತ ಮಲಗಿಸು" ಅಂದ್ರು. ಅಕ್ಕ ಅವತ್ತು ಸಮಾಧಾನದಿಂದ ಉಂಡಳು.

ಹಾಗಂತ ಎಲ್ಲಾನೂ ಸುಮ್ಮನೆ ಬಿಡೋದಲ್ಲ. ವಾಂತಿ ಹಸಿರಾಗಿದ್ರೆ, ರಕ್ತ ಕಂಡ್ರೆ, ಪದೇ ಪದೇ ದೂರಕ್ಕೆ ಚಿಮ್ಮಿದ್ರೆ, ಹೊಟ್ಟೆ ಉಬ್ಬಿದ್ರೆ, ಹಾಲು ಕುಡಿಯದಿದ್ರೆ, ತೂಕ ಏರದಿದ್ರೆ ತಡಮಾಡದೆ ಆಸ್ಪತ್ರೆಗೆ ಓಡಿ.

ನಮ್ಮ ಕಲಬುರಗಿಯಲ್ಲಿ ತೊಗರಿ ಚೀಲಕ್ಕೂ ತೂಗದೆ ಬೆಲೆ ಕಟ್ಟಲ್ಲ. ಕೂಸಿಗೆ ಮಾತ್ರ ತೂಗದೇ ಕಾಯಿಲೆ ಕಟ್ಟಬಹುದಾ? ನೀವೇ ಹೇಳಿ.